ಹೈನಿಖ್ ಕಾಡಿಗೆ ಜನ ಹೋಗಬೇಕಾ?

ಪರ: ಹೋಗಲಿ ಬಿಡಿ

ಹೈನಿಖ್ ಅಂದರೆ ಜರ್ಮನಿಯ ಒಂದು ಬೀಚ್ ಕಾಡು. ಬೀಚ್ ಅಂದ ತಕ್ಷಣ ನಮಗೆ ಗೋಕರ್ಣ ನೆನಪಾಗುತ್ತದೆ. ಇದು ಆ ಬೀಚ್ ಅಲ್ಲ, ಬೂದು ಬಣ್ಣದ ನುಣುಪು ತೊಗಟೆಯ ಮರ. ಮಧ್ಯ ಯುರೋಪಿನ ತುಂಬ ಒಂದು ಕಾಲಕ್ಕೆ ಇದರದೇ ಕಾಡು. ಈಗ ಹಳೆಯ ಬೀಚ್ ಕಾಡು ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು. ತುರಿಂಗಿಯಾ ರಾಜ್ಯದಲ್ಲಿರುವ ಹೈನಿಖ್ ಅದರಲ್ಲೊಂದು. ಸುಮಾರು 75 ಚದರ ಕಿಲೋಮೀಟರ್. 1997ರ ಕೊನೆಯ ದಿನ ರಾಷ್ಟ್ರೀಯ ಉದ್ಯಾನವಾಯಿತು, 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಬೇಸಿಗೆಯಲ್ಲಿ ಕೆಳಗೆ ನಿಂತರೆ ಬರೀ ಕಂಬಗಳು, ದಟ್ಟ ನೆರಳು. ಬಿಸಿಲು, ಹುಳ, ಹಕ್ಕಿ ಜಾಸ್ತಿ ಇರುವುದು ಮೇಲೆ. ಹಾಗಾಗಿ 2005ರಲ್ಲಿ ಮರಗಳ ತಲೆಯ ನಡುವೆ ನಡೆಯುವ ದಾರಿ ಕಟ್ಟಿದರು. ಅದರ ಗೋಪುರ 44 ಮೀಟರ್ ಎತ್ತರ. ಲಿಫ್ಟ್ ಇದೆ, ವೀಲ್‌ಚೇರಿನವರೂ ಹೋಗಬಹುದು. ಜನ ಅಲ್ಲೇ ಸೇರಿದರೆ ಉಳಿದ ಕಾಡು ತಣ್ಣಗಿರುತ್ತದೆ, ಅಲ್ವಾ? ಈ ಕಾಡಿನಲ್ಲಿರುವ ಕಾಡುಬೆಕ್ಕು ನೋಡುವ ಆಸೆಯಿದ್ದವರು ಹ್ಯುಟ್ಶೆರೋಡಾ ಹಳ್ಳಿಗೆ ಹೋಗಿ ಆವರಣದೊಳಗೆ ನೋಡಬಹುದು. ಮರ ಕಡಿಯದೆ ಸುಮ್ನೆ ಬಿಟ್ಟ ಕಾಡಿನಿಂದ ಸುತ್ತಲಿನವರಿಗೂ ನಾಲ್ಕು ಕಾಸು ಸಿಗಬೇಕಲ್ಲ.

ವಿರೋಧ: ದೂರವೇ ಇರಲಿ

ಈ ಕಾಡು ಉಳಿದದ್ದು ಹೇಗೆ? ಜನ ಹೋಗದೇ ಇದ್ದದ್ದರಿಂದ. ದಶಕಗಳ ಕಾಲ ಇದರ ದೊಡ್ಡ ಭಾಗ ಸೈನ್ಯದ ತರಬೇತಿ ಜಾಗವಾಗಿತ್ತು. ಗುಂಡು ಹಾರಿಸಲು ಸೈನಿಕರು ಒಂದಷ್ಟು ಮರ ಕಡಿದರು, ನಿಜ. ಆದರೆ ಉಳಿದ ಕಡೆ ಕೊಡಲಿ ಹಿಡಿದವರೂ ಬರಲಿಲ್ಲ, ಪಿಕ್‌ನಿಕ್ ಬುಟ್ಟಿಯವರೂ ಬರಲಿಲ್ಲ.

ಕಾಡಿನ ಕಾಲುದಾರಿಯ ವಿಷಯವನ್ನೇ ನೋಡಿ. ಬೀಚ್ ಮರ ಸತ್ತ ಮೇಲೂ ಕೆಲಸಕ್ಕೆ ಬರುತ್ತದೆ. ಅಣಬೆ ಹತ್ತುತ್ತದೆ, ಜೀರುಂಡೆ ಕೊರೆಯುತ್ತದೆ. ಕರಿ ಮರಕುಟಿಗ ದೊಡ್ಡ ಬೀಚ್ ಮರದಲ್ಲಿ ಕೊರೆದು ಬಿಟ್ಟುಹೋದ ಪೊಟರೆಗೆ ಗೂಬೆಯೋ ಬಾವಲಿಯೋ ಬಾಡಿಗೆಯಿಲ್ಲದೆ ಸೇರಿಕೊಳ್ಳುತ್ತದೆ. 2018ರ ಬರದ ನಂತರ ಇಲ್ಲಿ ಎಷ್ಟೋ ದೊಡ್ಡ ಬೀಚ್ ಮರಗಳು ಒಣಗಿದವು. ಕಾಡಿನೊಳಗೆ ಒಣಗಿದರೆ ಅದು ಸಂಪತ್ತು. ಕಾಲುದಾರಿಯ ಪಕ್ಕ ಒಣಗಿದರೆ ನಮ್ಮ ತಲೆಗೆ ಅಪಾಯ, ಕಡಿಯಲೇಬೇಕು. ಅಂದರೆ ದಾರಿ ಇದ್ದಷ್ಟೂ ಉದ್ದಕ್ಕೆ ಇದು ಪಾರ್ಕು, ಕಾಡಲ್ಲ.

ಇನ್ನು ಕಾಡುಬೆಕ್ಕು. ದಪ್ಪ ಬಾಲ, ತುದಿ ಮೊಂಡು, ಕರಿ ಬಳೆಗಳು. ಮರಿಗಳು ಮಾತ್ರ ಥೇಟ್ ಮನೆ ಬೆಕ್ಕಿನ ಮರಿಗಳೇ. ವಸಂತದಲ್ಲಿ ಜರ್ಮನಿಯ ಕಾಡುಗಳಲ್ಲಿ ನಡೆಯಲು ಬಂದವರು ಇಂಥ ಮರಿ ಕಂಡರೆ 'ಅಯ್ಯೋ ಪಾಪ' ಅಂತ ಎತ್ತಿಕೊಂಡು ಮನೆಗೆ ಒಯ್ಯುವುದುಂಟು. ತಾಯಿ ಎಲ್ಲೋ ಪಕ್ಕದಲ್ಲೇ ಇಲಿ ಹಿಡಿಯುತ್ತಿರುತ್ತದೆ.