ಆಷಾಢದ ಕ್ರಿಸ್‌ಮಸ್

ಅಮೆರಿಕದ ಫೀನಿಕ್ಸ್‌ನಲ್ಲಿ ಮೊನ್ನೆ ಶನಿವಾರ ಮಧ್ಯಾಹ್ನ 43 ಡಿಗ್ರಿ ಬಿಸಿಲು. ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಚುರುಕ್ ಅನ್ನುತ್ತದೆ. ಅಂಥ ಹೊತ್ತಲ್ಲಿ ನಮ್ಮ ಮನೆಗೆ ಬಂದ ಹನ್ನೊಂದು ಹೆಂಗಸರೂ ಉಲ್ಲನ್ ಸ್ವೆಟರ್ ತೊಟ್ಟಿದ್ದರು. ಒಬ್ಬರ ಎದೆ ಮೇಲಿನ ಹಿಮಸಾರಂಗದ ಮೂಗಲ್ಲಿ ಕೆಂಪು ಬಲ್ಬು ಬೇರೆ ಮಿಣುಕುತ್ತಿತ್ತು.

ಕೊಕ್ಕೆ ಕಡ್ಡಿಯಲ್ಲಿ ಉಲ್ಲನ್ ಹೆಣೆಯುವ ನಮ್ಮ ಕ್ರೋಶಾ ಗುಂಪಿನ 'ಕ್ರಿಸ್‌ಮಸ್ ಇನ್ ಜುಲೈ' ಪಾರ್ಟಿ ಅದು. ಈ ಸಲ ಸರದಿ ನನ್ನದು.

ಸ್ವೆಟರ್ ಹಾಕಿದವರು ಬೆವರಬಾರದಲ್ಲ, ಎಸಿಯನ್ನು 18ಕ್ಕೆ ಇಟ್ಟೆ. ಅದು ಏದುಸಿರು ಬಿಟ್ಟುಕೊಂಡು 23ರ ತನಕ ಬಂತು, ಅಲ್ಲೇ ಕೂತಿತು. ಚಳಿಯ ವಾತಾವರಣ ಬರಲಿ ಅಂತ ಬಿಸಿ ಬಿಸಿ ಕೋಕೋ ಕೊಟ್ಟೆ. ಕೋಕೋ ಕುಡಿದವರೆಲ್ಲ ಕ್ರಿಸ್‌ಮಸ್ ಕಾರ್ಡಿನಲ್ಲೇ ಗಾಳಿ ಬೀಸಿಕೊಂಡರು. ಉಡುಗೊರೆಗೆ ತಂದ ಚಾಕೊಲೇಟ್ ಸಾಂಟಾ ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಗಡ್ಡ, ಟೋಪಿ ಎಲ್ಲ ಕಳಕೊಂಡು ಸಾರಿನ ಮುದ್ದೆ ಆಗಿದ್ದ. ನಮ್ಮೆಜಮಾನರು ಕರೆಂಟ್ ಬಿಲ್ ನೆನೆಸಿಕೊಂಡು ಮೌನವ್ರತ ಹಿಡಿದರು.

ಈ ಹಬ್ಬ ಪೂರ್ತಿ ಸುಮ್ನೆ ಹುಟ್ಟಿದ್ದಲ್ಲ. 1933ರ ಜುಲೈನಲ್ಲಿ ನಾರ್ತ್ ಕೆರೊಲಿನಾದ ಬ್ರೆವಾರ್ಡ್‌ನಲ್ಲಿ ಹುಡುಗಿಯರ ಬೇಸಿಗೆ ಶಿಬಿರವೊಂದರಲ್ಲಿ ಮರ, ಉಡುಗೊರೆ, ಸಾಂಟಾ ಎಲ್ಲ ಇಟ್ಟು ಆಚರಿಸಿದ್ದರು. ಮಕ್ಕಳಾಟ, ಚೆನ್ನಾಗಿದೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1944ರಲ್ಲಿ, ದೂರದ ಸೈನಿಕರಿಗೆ ಡಿಸೆಂಬರ್ ಪಾರ್ಸೆಲ್ ಬೇಗ ಕಳಿಸಿ ಅಂತ ಅಮೆರಿಕದ ಅಂಚೆ ಇಲಾಖೆಯೂ ಇದೇ ಹೆಸರು ಹಿಡಿಯಿತು. ಅದಕ್ಕೂ ಒಂದು ಅರ್ಥ ಇತ್ತು. ಆಸ್ಟ್ರೇಲಿಯಾದವರದ್ದಂತೂ ನ್ಯಾಯವೇ, ಅವರಿಗೆ ಜುಲೈ ನಿಜವಾಗಲೂ ಚಳಿಗಾಲ. ನಮಗೆ?

ನಮಗೆ ಕೈಕೆಲಸದ ನೆಪ. ಡಿಸೆಂಬರ್‌ಗೆ ಶಾಲು ಬೇಕಾದರೆ ಜುಲೈನಲ್ಲೇ ಶುರು ಮಾಡಬೇಕು ಅಂತ ಎಲ್ಲರೂ ಗಂಭೀರವಾಗಿ ಹೇಳುತ್ತಾರೆ. ಮೊನ್ನೆ ನಾಲ್ಕು ಗಂಟೆಯಲ್ಲಿ ಒಬ್ಬರೂ ಕಡ್ಡಿ ಮುಟ್ಟಲಿಲ್ಲ. ಅರ್ಧಕ್ಕೆ ನಿಂತ ಕೆಲಸಕ್ಕೆ ಈ ಮಂದಿ 'ಯುಎಫ್ಒ' ಅನ್ನುತ್ತಾರೆ, 'ಅನ್‌ಫಿನಿಶ್ಡ್ ಆಬ್ಜೆಕ್ಟ್' ಅಂತ. ಒಬ್ಬರು ಎರಡು ವರ್ಷದಿಂದ ಜೋಡಿ ಕಾಣದ ಕಾಲುಚೀಲ ತಂದಿದ್ದರು. ಅಮ್ಮನಿಗೆ ಅಂತ ಶುರು ಮಾಡಿದ ನನ್ನ ನೀಲಿ ಶಾಲೂ ಚೀಲದಲ್ಲೇ ಇತ್ತು, ಗೇಣುದ್ದ.

ಉಡುಗೊರೆ ಬದಲಾಯಿಸುವಾಗ ನನ್ನ ಪಾಲಿಗೆ ಸಾಸಿವೆ ಬಣ್ಣದ ಉಲ್ಲನ್ ಉಂಡೆ ಬಂತು. ಬೆಲೆ ಚೀಟಿ ಕಿತ್ತ ಗುರುತು ನೋಡಿದೆ. ಹೋದ ವರ್ಷ ಉಗುರಲ್ಲಿ ಕೆರೆದದ್ದು ನಾನೇ! ನಮ್ಮೂರಲ್ಲಿ ಅರಿಶಿನ ಕುಂಕುಮಕ್ಕೆ ಕೊಟ್ಟ ಬ್ಲೌಸ್ ಪೀಸು ಊರೆಲ್ಲ ಸುತ್ತಿ ವಾಪಸ್ ಬರುತ್ತಲ್ಲ, ಹಾಗೆ. ಯಾರೂ ಹೊಲಿಸುವುದಿಲ್ಲ, ಯಾರೂ ಹೆಣೆಯುವುದಿಲ್ಲ.

ಹೆಣೆಯದಿದ್ದರೇನು, ಕೊಂಡಿದ್ದೆವಲ್ಲ. ಪಾರ್ಟಿಗೆ ಮುಂಚೆ ಕ್ರಾಫ್ಟ್ ಅಂಗಡಿಗೆ ಹೋದರೆ ಬಾಗಿಲಲ್ಲೇ ಪ್ಲಾಸ್ಟಿಕ್ ಹಿಮ, ಚಡ್ಡಿ ಹಾಕಿದ ಸಾಂಟಾ, ರಿಯಾಯಿತಿ ಬೋರ್ಡು. ಆಗಲೇ ಹೊಳೆದದ್ದು: ಇದು ನಮ್ಮ ಆಷಾಢ ಸೇಲ್ ಅಲ್ವಾ! ಅಲ್ಲಿ ಮದುವೆ, ಗೃಹಪ್ರವೇಶ ಇಲ್ಲದ ತಿಂಗಳಲ್ಲಿ ಸೀರೆ ಮಾರಬೇಕು. ಇಲ್ಲಿ ಹಬ್ಬ ಇಲ್ಲದ ತಿಂಗಳಲ್ಲಿ ಹಬ್ಬವನ್ನೇ ಮಾರಬೇಕು. ನಮ್ಮ ಅಂಗಡಿಯವರು ಇನ್ನೂ ಯುಗಾದಿಯನ್ನು ಭಾದ್ರಪದಕ್ಕೆ ಎಳೆದಿಲ್ಲ. ಈ ಐಡಿಯಾ ಕೊಟ್ಟವಳು ನಾನು ಅಂತ ಹೇಳಬೇಡಿ.

ಎಲ್ಲರೂ ಹೋದ ಮೇಲೆ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಎಂಟು ದಿನದಿಂದ ಬಿಡದ ಮಳೆಯಂತೆ. ಅಮ್ಮ ಬಚ್ಚಲ ಒಲೆ ಮುಂದೆ ಬಟ್ಟೆ ಒಣಗಿಸುತ್ತಾ ಕೂತಿದ್ದಳು.

"ಆಷಾಢದಲ್ಲಿ ಎಂಥ ಹಬ್ಬನೇ ಮಾರಾಯ್ತಿ?"

ಹೇಳಿದೆ. ಬಿಸಿಲು, ಎಸಿ, ಸ್ವೆಟರ್, ಕೋಕೋ, ಎಲ್ಲ. ಆ ಕಡೆ ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ ಕೇಳಿಸಿತು.

"ಅಲ್ವೇ, ಚಳಿ ಇಲ್ಲಿದೆ. ಮೂರು ವರ್ಷದಿಂದ ನಂಗೊಂದು ಶಾಲು ಹಾಕ್ತಿದೀನಿ ಅಂತಿದ್ಯಲ್ಲ, ಎಲ್ಲಿಗೆ ಬಂತು?"