ಹೆಬ್ಬಾಳ ದಾಟೋತನಕ ಫೋನ್ ಮಾಡಬ್ಯಾಡ್ರಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ರಸ್ತೆಯಲ್ಲಿ 410ರ ಆಸುಪಾಸು. ವಿಮಾನ ತಾಸಿಗೆ 800 ಕಿ.ಮೀ. ಓಡುತ್ತದೆ, ಅರ್ಧ ತಾಸು ಸಾಕು ಎಂದು ಭಾಗಾಕಾರ ಮಾಡಿ ಸಂಜೆಯ ಆರತಕ್ಷತೆಗೆ ಮಧ್ಯಾಹ್ನದ ಟಿಕೆಟ್ ತೆಗೆಸುವವರು ಧಾರವಾಡದಲ್ಲಿ ಕಡಿಮೆ ಇಲ್ಲ.

ಭಾಗಾಕಾರ ಸರಿ, ವಿಮಾನ ಹಂಗ ಓಡೂದಿಲ್ಲ. 30,000 ಅಡಿ ಏರಿದ ಜೆಟ್ ಸರಾಗವಾಗಿ ಇಳಿಯಬೇಕಾದರೆ ಸುಮಾರು 165 ಕಿ.ಮೀ. ಮೊದಲೇ ಮೂತಿ ತಗ್ಗಿಸಬೇಕು. ಏರಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಉಳಿದದ್ದೆಷ್ಟು? ಪೂರ್ತಿ ವೇಗ ಹತ್ತುವಷ್ಟರಲ್ಲಿ ಪಟ್ಟಿ ಕಟ್ಟಿಕೊಳ್ಳಿ ಎನ್ನುತ್ತಾರೆ. ತಾಸಿಗೆ 500 ಕಿ.ಮೀ. ಓಡುವ ಪಂಖದ ಸಣ್ಣ ವಿಮಾನ ಎಟಿಆರ್ ಅಷ್ಟು ಮೇಲೇರುವುದೇ ಇಲ್ಲ, ಹಾಗಾಗಿ ಇಂಥ ಗಿಡ್ಡ ದಾರಿಯಲ್ಲಿ ಬಹಳ ಹಿಂದೆ ಬೀಳುವುದೂ ಇಲ್ಲ. ಟಿಕೆಟ್ಟಿನಲ್ಲಿ ಬರೆದ ಒಂದೂಕಾಲು ತಾಸು ಬರೀ ಹಾರಾಟದ ಲೆಕ್ಕವಲ್ಲ; ಗಾಲಿಗೆ ಕೊಟ್ಟ ಅಡ್ಡ ತೆಗೆದಾಗಿನಿಂದ ಮತ್ತೆ ಅಡ್ಡ ಕೊಡುವವರೆಗಿನದು. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮ. ಗಾಳಿ ತಿರುಗಿದರೆ ಆಚೆ ತುದಿಗೆ ಸುತ್ತು ಹಾಕಿ ಇಳಿಯಬೇಕು. ಡಿಸೆಂಬರ್-ಜನವರಿಯ ನಸುಕಿನ ಮಂಜಂತೂ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ.

ನೆಲದ ಮೇಲಿನ ಹೊತ್ತು ಇದಕ್ಕಿಂತ ದೊಡ್ಡದು. ಲಗೇಜ್ ಕೌಂಟರ್ ಒಂದು ತಾಸು ಮೊದಲು ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು. ಗೋಕುಲ ರಸ್ತೆಯ ನಿಲ್ದಾಣ ಹುಬ್ಬಳ್ಳಿಯವರಿಗೆ ಮಗ್ಗುಲಲ್ಲೇ, ಧಾರವಾಡದವರಿಗೆ 20 ಕಿ.ಮೀ. ಆದರೆ ಹೊತ್ತು ನಿಜವಾಗಿ ಹೋಗುವುದು ಉಡಿಯಲ್ಲಿ. ತವರಿನಿಂದ ಹೊರಟ ಮಗಳಿಗೆ ಉಡಿ ತುಂಬದೆ ಕಳಿಸುವುದುಂಟೆ? ಅಕ್ಕಿ, ಅಡಿಕೆ, ಉತ್ತತ್ತಿ, ಅರಿಶಿಣ ಕೊಂಬಿಗೆ ತಕರಾರಿಲ್ಲ. ಒಣಕೊಬ್ಬರಿ ಬಟ್ಟಲಿಗೆ ಮಾತ್ರ ಕೈಚೀಲದಲ್ಲೂ ಜಾಗವಿಲ್ಲ, ಲಗೇಜಿನಲ್ಲೂ ಇಲ್ಲ. ಅದರ ಎಣ್ಣೆಯಂಶ ತಾನಾಗಿ ಕಾದು ಹೊತ್ತಿಕೊಳ್ಳಬಹುದೆಂದು ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಎಕ್ಸ್‌ರೇ ಪರದೆಯ ಮೇಲೆ ಅರ್ಧಗೋಲ ಕಂಡ ಕೂಡಲೇ ಹೆಸರು ಕೂಗುತ್ತಾರೆ. ಬ್ಯಾಗ್ ಬಿಚ್ಚಬೇಕು, ಸೀರೆಯ ಮಡಿಕೆಯಿಂದ ಬಟ್ಟಲು ಹುಡುಕಿ ತೆಗೆಯಬೇಕು, ಹೊರಗೆ ನಿಂತ ಅವ್ವನಿಗೆ ಒಪ್ಪಿಸಬೇಕು. ಅವ್ವ ಕೈಚಾಚುವುದಿಲ್ಲ: ‘ತುಂಬಿದ ಉಡಿ ತಿರುಗಿ ಇಸ್ಕೊಳ್ಳೂದೈತೇನವಾ?’ ಈ ವ್ಯಾಜ್ಯಕ್ಕೆ ಹತ್ತು ನಿಮಿಷ ತೆಗೆದಿಡಿ. ಕೊಬ್ಬರಿಯನ್ನು ಮನೆಯಲ್ಲೇ ತುರಿದು ಚಟ್ನಿಪುಡಿಗೆ ಹಾಕಿಬಿಡುವುದು ಜಾಣತನ.

ಹಾವೇರಿಯವರ ಪಾಡು ಬೇರೆ. ಬೆಂಗಳೂರಿನ ಹೆದ್ದಾರಿ ಮನೆ ಮುಂದೇ ಇದ್ದರೂ ವಿಮಾನಕ್ಕಾಗಿ 75 ಕಿ.ಮೀ. ಬಡಗಣಕ್ಕೆ ಬರಬೇಕು. ಅದೇ ಹೊತ್ತಿಗೆ ಊರಿನಿಂದ ತೆಂಕಣಕ್ಕೆ ಹೊರಟ ಬಸ್ಸು, ಇವರ ವಿಮಾನ ನೆಲ ಬಿಡುವಷ್ಟರಲ್ಲಿ ಚಿತ್ರದುರ್ಗ ದಾಟಿರುತ್ತದೆ. ಗದಗಿನವರಿಗೆ 58 ಕಿ.ಮೀ., ಅವರಿಗೆ ಹುಬ್ಬಳ್ಳಿ ಹೇಗೂ ದಾರಿಯ ಊರು.

ಧಾರವಾಡದ ಮನೆಬಾಗಿಲಿನಿಂದ ಜಯನಗರದ ಮನೆಬಾಗಿಲಿಗೆ ಆರು ತಾಸು ಹಿಡಿಯಿರಿ. 2023ರ ಜೂನ್‌ನಿಂದ ಓಡುತ್ತಿರುವ ವಂದೇ ಭಾರತ್ ಆರೂವರೆ ತಾಸಿನ ಹತ್ತಿರ ತೆಗೆದುಕೊಂಡರೂ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬಾಯಿಗೇ ಇಳಿಸುತ್ತದೆ. ವಿಮಾನ ಇಳಿಸುವುದು ಅಲ್ಲಿಂದ 35 ಕಿ.ಮೀ. ಆಚೆ. ಗಾಲಿ ನೆಲ ಮುಟ್ಟಿದ ಕೂಡಲೇ ‘ಬಂದ್ವಿ’ ಎಂದು ಫೋನ್ ಮಾಡಬೇಡಿ; ಬೀಗರು ಆಗಲೇ ಒಲೆ ಹೊತ್ತಿಸುತ್ತಾರೆ, ಬ್ಯಾಗ್ ಪಟ್ಟಿಯ ಮೇಲೆ ಬರುವಷ್ಟರಲ್ಲಿ ರೊಟ್ಟಿ ಆರಿರುತ್ತದೆ. ಹೆಬ್ಬಾಳದ ಫ್ಲೈಓವರ್ ಇಳಿದ ಮೇಲೆ ಹೇಳಿದರೂ ಹಿಟ್ಟು ನಾದಿ, ಪಲ್ಯ ಮಾಡಿ, ಸ್ವಲ್ಪ ಟಿವಿ ನೋಡಲಿಕ್ಕೂ ಅವರಿಗೆ ಹೊತ್ತು ಸಿಗುತ್ತದೆ.