ಮೂರನೇ ಪ್ಲಗ್ಗಿನ ಎಣ್ಣೆ ಚಟ

ನಮ್ಮ ಮನೆಯಲ್ಲಿ ಎಣ್ಣೆ ಹಾಕುವ ಅಭ್ಯಾಸ ಯಾರಿಗೂ ಇಲ್ಲ, ಕಾರೊಂದನ್ನು ಬಿಟ್ಟರೆ.

ಅಪ್ಪ 1998ರಲ್ಲಿ ಕೊಂಡ ಮಾರುತಿ 800 ಅದು. ಮೂರು ಸಿಲಿಂಡರು, 796 ಸಿಸಿ, ಕಾರ್ಬ್ಯುರೇಟರ್ ಇರುವ ಮಾಡೆಲ್ಲು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತೇಹೋಯಿತು. ನಮ್ಮದು ಮಾತ್ರ ನಿಂತಿಲ್ಲ. ಸಿಗ್ನಲ್ಲಿನಲ್ಲಿ ಆಗಾಗ ನಿಲ್ಲುತ್ತದೆ, ಅದು ಬೇರೆ ವಿಷಯ.

ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ಕುಂಟತೊಡಗಿತು. ನಾಲ್ಕು ಸಿಲಿಂಡರಿನ ಕಾರಾದರೆ ಒಂದು ಕೈಕೊಟ್ಟರೂ ಉಳಿದ ಮೂರು ಹೇಗೋ ಸಂಸಾರ ತೂಗಿಸುತ್ತವೆ. ನಮ್ಮದರಲ್ಲಿ ಇರುವುದೇ ಮೂರು. ಒಂದು ಮುನಿಸಿಕೊಂಡರೆ ಇಡೀ ಕಾರು ಹಿಟ್ಟಿನ ಗಿರಣಿಯ ಹಾಗೆ ಅದುರುತ್ತದೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ ಅಡ್ಡಡ್ಡ ತಲೆ ಆಡಿಸುತ್ತಿದ್ದ.

ಯಾವ ಸಿಲಿಂಡರ್ ಸತ್ತಿದೆ ಅಂತ ಕಂಡುಹಿಡಿಯುವುದು ಸುಲಭ. ಸಿಲಿಂಡರಿಗೊಂದರಂತೆ ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ಗು ಇರುತ್ತದೆ, ಇಂಜಿನ್ ಓಡುತ್ತಿರುವಾಗಲೇ ಅದರ ವೈರುಗಳನ್ನು ಒಂದೊಂದಾಗಿ ಎಳೆದು ನೋಡಬೇಕು. ಕುಂಟು ಜಾಸ್ತಿಯಾದರೆ ಆ ಸಿಲಿಂಡರ್ ಪಾಪ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸೋಮಾರಿ. ಆಫೀಸಿನಲ್ಲಿ ಕೆಲವರು ವಾರಗಟ್ಟಲೆ ರಜೆ ಹಾಕಿದಾಗ ಗೊತ್ತಾಗುತ್ತಲ್ವಾ, ಹಾಗೆ. ಬರಿಗೈ ಹಾಕಿದರೆ ಶಾಕ್ ಹೊಡೆಯುತ್ತದೆ ಎಂದು ಕೇಳಿದ್ದೆ. ಹಾಗಾಗಿ ಭಾರೀ ಬುದ್ಧಿವಂತನ ಹಾಗೆ ಅಡುಗೆಮನೆಯಿಂದ ಇಕ್ಕಳ ತಂದೆ. ಸ್ಟೀಲಿನ ಇಕ್ಕಳ.

ಮೊದಲೆರಡು ವೈರುಗಳ ರಬ್ಬರ್ ಟೋಪಿ ಗಟ್ಟಿಯಾಗಿತ್ತು, ಬಚಾವಾದೆ. ಮೂರನೆಯದು ಬಿರುಕು ಬಿಟ್ಟಿತ್ತು. ಸಾವಿರಾರು ವೋಲ್ಟು ಇಕ್ಕಳದ ದಾರಿ ಹಿಡಿದು ಮೊಣಕೈವರೆಗೂ ಬಂದು ಮಾತಾಡಿಸಿಕೊಂಡು ಹೋಯಿತು. ಇಕ್ಕಳ ಹಾರಿ ಎದುರುಮನೆಯ ಕಾಂಪೌಂಡಿಗೆ ಬಿತ್ತು. ನಾನು ಕೂಗಿದ ಕೂಗಿಗೆ ಬೀದಿನಾಯಿ ಎದ್ದು ಓಡಿತು. ಇಂಜಿನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಮೊದಲಿನ ತಾಳದಲ್ಲೇ ಕುಂಟುತ್ತಿತ್ತು. ಅಂದರೆ ಮೂರನೆಯದೇ ಸೋಮಾರಿ. ಪರೀಕ್ಷೆ ಯಶಸ್ವಿ.

ಮೂರೂ ಪ್ಲಗ್ಗು ಬಿಚ್ಚಿ, ಅದಲುಬದಲಾಗದಂತೆ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಒಂದು, ಎರಡು ಚೆನ್ನಾಗಿಯೇ ಇದ್ದವು. ತುದಿ ಬಿಸ್ಕತ್ತಿನ ಬಣ್ಣ, ಒಣ ಒಣ. ಮೂರನೆಯದು ಎಳ್ಳೆಣ್ಣೆ ದೀಪ ಆರಿದ ಮೇಲೆ ಉಳಿದ ಬತ್ತಿಯ ಥರ ಇತ್ತು. ಕಪ್ಪಗೆ, ಒದ್ದೆಯಾಗಿ, ಮಿರಮಿರ ಮಿಂಚುತ್ತಾ. ಕಿಡಿ ಹಾರಬೇಕಾದ 0.8 ಮಿಲಿಮೀಟರ್ ಸಂದಿಯಲ್ಲಿ ಲೇಹ್ಯದಂಥದ್ದು ತುಂಬಿಕೊಂಡಿತ್ತು. ಕಿಡಿಗಾದರೂ ಏನಂತೆ, ಗಾಳಿಯಲ್ಲಿ ಹಾರುವ ಕಷ್ಟ ಯಾಕೆ ಅಂತ ಆ ಕೊಳೆಯ ಮೇಲೇ ಹರಿದು ಹೋಗುತ್ತದೆ. ಪೆಟ್ರೋಲು ಉರಿಯುವುದಿಲ್ಲ.

ಇಲ್ಲಿ ನಾನು ಮೊದಲನೇ ತಪ್ಪು ಮಾಡಿದೆ. ಪ್ಲಗ್ಗು ಕಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ ಬರುತ್ತಿದೆ ಅಂತ ಅರ್ಥ ಎಂದು ಎಲ್ಲೋ ಕೇಳಿದ್ದು ತಲೆಯಲ್ಲಿತ್ತು. ಅರ್ಧ ಸತ್ಯ. ಪೆಟ್ರೋಲಿನ ಕಪ್ಪು ಒಣ ಮಸಿ, ಬೆರಳಲ್ಲಿ ಉಜ್ಜಿದರೆ ಕಾಡಿಗೆ ಪುಡಿಯಂತೆ ಉದುರುತ್ತದೆ. ಎಣ್ಣೆಯ ಕಪ್ಪು ಜಾರುತ್ತದೆ. ಉಜ್ಜಿ ನೋಡುವ ವ್ಯವಧಾನ ನನಗಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿದೆ. ಅವತ್ತು ಸೌತ್ ಎಂಡ್ ಸರ್ಕಲ್ಲಿನಲ್ಲಿ ಕಾರು ನಾಲ್ಕು ಸಲ ಆಫ್ ಆಯಿತು. ಹಿಂದಿನ ಆಟೋದವನು ನನ್ನ ವಂಶದ ಬಗ್ಗೆ ಕೆಲವು ಸಂಶಯಗಳನ್ನು ವ್ಯಕ್ತಪಡಿಸಿದ.

ಸಂಜೆ ಪ್ಲಗ್ಗು ತೊಳೆಯುವ ಕಾರ್ಯಕ್ರಮ. ಗ್ಯಾಸ್ ಒಲೆಯ ಮೇಲೆ ಸುಟ್ಟೆ. ಮನೆಯಿಡೀ ಗ್ಯಾರೇಜಿನ ವಾಸನೆ. ಆಮೇಲೆ ಬಚ್ಚಲಲ್ಲಿದ್ದ ಹಳೇ ಬ್ರಷ್ಷಿನಿಂದ ತಿಕ್ಕಿದೆ. ಹಳೇ ಬ್ರಷ್ಷು ಅಂದುಕೊಂಡಿದ್ದೆ. ಊರಿಂದ ಬಂದಿದ್ದ ಭಾವ ಮರುದಿನ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅದು ಯಾರದ್ದೆಂದು ಗೊತ್ತಾಯಿತು. ತೊಳೆದ ಪ್ಲಗ್ಗು ಹಾಕಿದರೆ ಕಾರು ಹೊಸದರ ಥರ ಓಡಿತು, ಸರಿಯಾಗಿ ಒಂದು ವಾರ.

ನಂತರ ಜೆ.ಸಿ. ರಸ್ತೆಗೆ ಹೋಗಿ ಹೊಸ ಪ್ಲಗ್ಗು ತಂದೆ. ಎಣ್ಣೆ ಹಿಡಿಯುವ ಇಂಜಿನ್ನಿಗೆ ಕೊಂಚ ಬಿಸಿ ಪ್ಲಗ್ಗು ಹಾಕಿದರೆ ತನ್ನ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಮುಟ್ಟಿದರೆ ಮಾತ್ರ ಕೊಳೆ ಉರಿದು ಹೋಗುವುದು. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಮನೆಗೆ ಓಡುವ ಕಾರಿಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ನಮ್ಮಪ್ಪ ಬೆಂಗಳೂರಿನ ಆ ಕಾಲದವರು, ಪ್ಲಗ್ಗು ಅಂದರೆ ಮೈಕೋ, ಬೇರೆ ಪ್ರಶ್ನೆಯೇ ಇಲ್ಲ. ಆಡುಗೋಡಿಯ ಆ ಕಂಪನಿಯ ಹೆಸರು ಈಗ ಬಾಷ್ ಆಗಿದೆ. ಬಾಷ್ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟೂ ಬಿಸಿ. ಎನ್‌ಜಿಕೆ ಎಂಬ ಇನ್ನೊಂದು ಕಂಪನಿಯದರಲ್ಲಿ ನಂಬರ್ ದೊಡ್ಡದಾದಷ್ಟೂ ತಂಪು. ಪೂರ್ತಿ ಉಲ್ಟಾ. ನಾನು ಅಪ್ಪನ ಲೆಕ್ಕ ತಲೆಯಲ್ಲಿಟ್ಟುಕೊಂಡು ಎನ್‌ಜಿಕೆಯಲ್ಲಿ ದೊಡ್ಡ ನಂಬರ್ ಕೇಳಿ ತಂದೆ. ತಂಪು ಪ್ಲಗ್ಗು ನಾಲ್ಕೇ ದಿನದಲ್ಲಿ ಕಪ್ಪಾಯಿತು.

ಕೊನೆಗೆ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಹೇಳುತ್ತೇನೆ. ಮೂರನೇ ಪ್ಲಗ್ಗನ್ನು ಒರೆಸಿ ಒಂದಕ್ಕೆ ಹಾಕಿದೆ, ಒಂದನೆಯದನ್ನು ಮೂರಕ್ಕೆ. ಎರಡು ವಾರ ಬಿಟ್ಟು ಬಿಚ್ಚಿದರೆ, ಕುಡುಕ ಅಂದುಕೊಂಡಿದ್ದ ಪ್ಲಗ್ಗು ಒಂದನೇ ಮನೆಯಲ್ಲಿ ಸಭ್ಯಸ್ಥನಾಗಿ ಕೂತಿತ್ತು. ಸಭ್ಯಸ್ಥ ಮೂರನೇ ಮನೆಗೆ ಹೋಗಿ ಕೆಟ್ಟಿದ್ದ. ಪ್ಲಗ್ಗಿನದೇನೂ ತಪ್ಪಿಲ್ಲ, ಸಹವಾಸದ್ದು.

ಈ ನಡುವೆ ಮನೆಯಲ್ಲೊಂದು ಅನಾಹುತ ನಡೆದಿತ್ತು. ನನ್ನ ಹೆಂಡತಿ ಗೇಟಿನ ಹತ್ತಿರ ನಿಂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಬೆಳಿಗ್ಗೆ ಎದ್ದ ತಕ್ಷಣ ಹೊಗೆ ಕಣೇ. ತಿಂಗಳಿಗೆ ಒಂದು ಲೀಟರ್ ಎಣ್ಣೆ ಬೇಕು. ಇಷ್ಟು ವರ್ಷ ಸಹಿಸ್ಕೊಂಡಿದ್ದು ಸಾಕು, ಯಾರಾದ್ರೂ ಕೇಳಿದ್ರೆ ಕೊಟ್ಟು ಕಳಿಸಿಬಿಡೋಣ ಅಂತಿದೀನಿ." ಅದೇ ಹೊತ್ತಿಗೆ ಎದುರುಮನೆಯ ಆಂಟಿ ನಮ್ಮ ಇಕ್ಕಳ ವಾಪಸ್ ಕೊಡಲು ಬಂದಿದ್ದರು. ಮರುದಿನ ಅಂಕಲ್ ನನ್ನ ಭುಜದ ಮೇಲೆ ಕೈಯಿಟ್ಟು, "ಮನಸ್ಸು ಮಾಡಿದ್ರೆ ಬಿಡಬಹುದು" ಅಂದರು. ನಾನು ಕಾರಿನ ಬಗ್ಗೆ ಅಂದುಕೊಂಡು, "ಅಪ್ಪನ ಕಾಲದಿಂದ ಬಂದಿದ್ದು ಅಂಕಲ್, ಹೇಗೆ ಬಿಡೋದು?" ಅಂದೆ. ಅವರ ಕಣ್ಣು ತುಂಬಿ ಬಂತು.

ಮೆಕ್ಯಾನಿಕ್ಕುಗಳ ಕಥೆ ಬೇಗ ಮುಗಿಸುತ್ತೇನೆ. ಮೊದಲನೆಯವನು ಬಾನೆಟ್ ತೆಗೆಯದೆಯೇ, "ಬೋರಿಗೆ ಬಂದಿದೆ, ರಿಂಗು ಪಿಸ್ಟನ್ ಎಲ್ಲಾ ಹೋಗಿದೆ" ಅಂದ. ಬೋರು ಅಂದರೆ ಸಿಲಿಂಡರಿನ ಒಳಗೋಡೆ, ರಿಂಗು ಅಂದರೆ ಪಿಸ್ಟನ್ನಿನ ಸುತ್ತ ಇರುವ ಬಳೆ. ಎರಡನೆಯವನು ಶಿವಾಜಿನಗರದಿಂದ ಬೇರೆ ಇಂಜಿನ್ ತಂದು ಕೂರಿಸೋಣ ಅಂದ. ಮೂರನೆಯವನು ಕಾರನ್ನೇ ಮಾರಿ ಅಂದ. ನಾಲ್ಕನೆಯವನ ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ, ಮನೆಯನ್ನೂ ಮಾರಿ ಅಂದರೆ?

ಅಷ್ಟರಲ್ಲಿ ಹೆಬ್ರಿಯಲ್ಲೊಂದು ಮದುವೆ. ತೀರ್ಥಹಳ್ಳಿಯ ನಮ್ಮ ಊರಮನೆಯಿಂದ ಆಗುಂಬೆ ಘಾಟಿ ಇಳಿದು ಹೋಗಬೇಕು. ಹದಿನಾಲ್ಕು ತಿರುವುಗಳನ್ನೂ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಜೀವ ಕೈಯಲ್ಲಿ ಹಿಡಿದು ಇಳಿಸಿದೆ. ಕೆಳಗೆ ಸೋಮೇಶ್ವರದ ಹತ್ತಿರ ರಸ್ತೆ ನೇರವಾಯಿತು. ಖುಷಿಯಿಂದ ಆಕ್ಸಿಲರೇಟರ್ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಏನೂ ಕಾಣುತ್ತಿಲ್ಲ. ಆಗುಂಬೆಯ ಮಂಜು ಇಲ್ಲಿವರೆಗೂ ಬಂತಲ್ಲ ಅಂದುಕೊಂಡೆ. ಮಂಜು ನೀಲಿ ಇರುವುದಿಲ್ಲ ಎಂದು ಆಮೇಲೆ ಹೊಳೆಯಿತು. ಅದರೊಳಗಿಂದ ಬೈಕಿನಲ್ಲಿ ಭಾವ ಕೆಮ್ಮುತ್ತಾ ಹೊರಬಂದ. ಬ್ರಷ್ಷಿನ ವಿಷಯ ಇನ್ನೂ ಮರೆತಿರಲಿಲ್ಲ.

ಮದುವೆಯೂಟದಲ್ಲಿ ಪಕ್ಕ ಕೂತಿದ್ದವರು ಒಬ್ಬ ಹಿರಿಯರು. ಆಯುಷ್ಯವಿಡೀ ಗ್ಯಾರೇಜು ನಡೆಸಿದವರಂತೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು, "ಹೊಗೆ ಯಾವಾಗ ಬರ್ತದೆ?"

ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

"ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ. ಇವತ್ತು ಘಾಟಿ ಇಳಿದ ಮೇಲೆ."

"ಏರು ಹತ್ತುವಾಗ?"

"ಇಲ್ಲ."

"ಹಾಗಾದ್ರೆ ರಿಂಗು ಅಲ್ಲ, ವಾಲ್ವ್ ಸೀಲು" ಅಂದರು. ಎಣ್ಣೆ ಸಿಲಿಂಡರಿಗೆ ಇಳಿಯದಂತೆ ವಾಲ್ವಿನ ಕಡ್ಡಿಗೆ ಹಾಕುವ ರಬ್ಬರ್ ಟೋಪಿ ಅದು. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಎಣ್ಣೆ ವಾಲ್ವಿನ ಕಡ್ಡಿ ಗುಂಟ ತೊಟ್ಟಿಕ್ಕುತ್ತದೆ. ಘಾಟಿ ಇಳಿಯುವಾಗ ಇಂಜಿನ್ ಗಾಳಿ ಸಿಗದೆ ಜೋರಾಗಿ ಹೀರುತ್ತದೆ, ಸೀಲು ಸಡಿಲವಿದ್ದರೆ ಎಣ್ಣೆಯನ್ನೂ ಹೀರುತ್ತದೆ. ರಿಂಗು ಸವೆದಿದ್ದರೆ ಏರಿನಲ್ಲಿ, ಭಾರ ಎಳೆಯುವಾಗ ಹೊಗೆ ಬರಬೇಕಿತ್ತು. ಇಷ್ಟು ಹೇಳಿ ಅವರು ಎರಡನೇ ಹೋಳಿಗೆಗೆ ಕೈ ಹಾಕಿದರು.

ಮರುದಿನ ಅವರೇ ಮನೆಗೆ ಬಂದರು. ಪ್ಲಗ್ಗಿನ ತೂತಿಗೆ ಗೇಜು ಹಾಕಿ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನೋಡಿದರು: 150, 150, 145 ಪೌಂಡು. "ಒಂದು ಚಮಚ ಕೊಡಿ" ಅಂದರು. ಮೂರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗು ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚಿ ಮುಳ್ಳು ಜಿಗಿಯಬೇಕು. ಐದು ಪೌಂಡು ಏರಿತು, ಅಷ್ಟೆ. "ನೋಡಿ, ಬೋರು ಗಟ್ಟಿಯಿದೆ. ಈಗ ಬಟ್ಟೆ ಒಣಗಿಸೋ ಹಗ್ಗ ಕೊಡಿ."

ಹೆಂಡತಿ ನನ್ನ ಮುಖ ನೋಡಿದಳು. ಇಕ್ಕಳ ಆಯಿತು, ಚಮಚ ಆಯಿತು. ಈಗ ಹಗ್ಗ.

ಆ ಹಗ್ಗದ ಕೆಲಸ ನಾನು ಕಣ್ಣಾರೆ ನೋಡಿದೆ. ಇಂಜಿನ್ನಿನ ಮೇಲಿನ ಭಾಗವಾದ ಹೆಡ್ ಇಳಿಸದೆ ಸೀಲು ಬದಲಿಸಬೇಕಾದರೆ ಒಂದು ತೊಂದರೆ ಇದೆ. ಸ್ಪ್ರಿಂಗ್ ಬಿಚ್ಚಿದ ಕೂಡಲೇ ವಾಲ್ವು ಜಾರಿ ಸಿಲಿಂಡರಿನೊಳಗೆ ಬೀಳುತ್ತದೆ. ಅವರು ಪಿಸ್ಟನ್ ಕೆಳಗಿಳಿಸಿ, ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗವನ್ನು ಶ್ಯಾವಿಗೆ ತುಂಬಿದ ಹಾಗೆ ಒಳಗೆ ತುಂಬಿದರು, ತುದಿಯನ್ನು ಮಾತ್ರ ಹೊರಗೆ ಬಿಟ್ಟು. ಆಮೇಲೆ ಪಾನ ಹಾಕಿ ಪಿಸ್ಟನ್ ಮೇಲೆತ್ತಿದರು. ಹಗ್ಗದ ಉಂಡೆ ಕೆಳಗಿನಿಂದ ವಾಲ್ವುಗಳನ್ನು ಒತ್ತಿ ಹಿಡಿಯಿತು. ಹೊರಬಂದ ಹಳೇ ಸೀಲು ಪೆನ್ನಿನ ಕ್ಯಾಪಿನಷ್ಟಿತ್ತು. ಹೆಸರಿಗೆ ರಬ್ಬರು. ಇಷ್ಟು ವರ್ಷದ ಕಾವಿಗೆ ಹುಣಸೆಬೀಜದ ಹಾಗೆ ಗಟ್ಟಿಯಾಗಿತ್ತು. ಉಗುರಲ್ಲಿ ಒತ್ತಿದರೆ ಟಕ್ಕೆಂದು ಮುರಿಯಿತು. ಮೂರೂ ಸಿಲಿಂಡರಿನ ಆರೂ ಸೀಲು ಬದಲಾದವು. ನಾನು ಮೂರು ಸಲ ಕೊಂಡ ಪ್ಲಗ್ಗುಗಳ ದುಡ್ಡಿಗಿಂತ ಕಡಿಮೆ ಖರ್ಚು. ಅವರು ಮಜೂರಿ ತೆಗೆದುಕೊಳ್ಳಲಿಲ್ಲ. ಮದುವೆಯ ಹೋಳಿಗೆ ಮಿಕ್ಕಿತ್ತು, ಅದನ್ನು ಕೊಟ್ಟು ಕಳಿಸಿದೆವು.

ಬೆಂಗಳೂರಿಗೆ ಬಂದು ತಿಂಗಳ ನಂತರ ಬಿಚ್ಚಿ ನೋಡಿದೆ. ಮೂರೂ ಪ್ಲಗ್ಗು ಬಿಸ್ಕತ್ತಿನ ಬಣ್ಣ. ಈ ಖುಷಿಯನ್ನು ಹೆಂಡತಿಗೆ ಹೇಳಲು ಒಳಗೆ ಓಡಿದರೆ ಅವಳು ನನ್ನ ಆಫೀಸಿನ ಬಿಳಿ ಅಂಗಿ ಹಿಡಿದು ನಿಂತಿದ್ದಳು. ಊರಿಂದ ಜೊತೆಗೇ ತಂದ ಆ ಹಗ್ಗವನ್ನು ಎರಡು ಸಲ ಸೋಪು ಹಾಕಿ ತೊಳೆದು ಕಟ್ಟಿದ್ದೆ, ನಿಜ. ಆದರೂ ಅಂಗಿಯ ಬೆನ್ನಿಗೆ ಅಡ್ಡಲಾಗಿ ಉದ್ದನೆಯ ಕಪ್ಪು ಗೆರೆ ಮೂಡಿತ್ತು.

ನಾನು ಬೆರಳಿಂದ ಉಜ್ಜಿ ನೋಡಿದೆ. ಉದುರಲಿಲ್ಲ, ಜಾರಿತು.

"ಆಯಿಲ್ಲು" ಅಂದೆ.